ಬಾಯಾಗಿನ ಕೊಬ್ಬಿನ ಗಂಟು

ಕೈಮ್ಯಾಲೆ, ಬೆನ್ನಮ್ಯಾಲೆ ಮೆತ್ತನ್ನ ಕೊಬ್ಬಿನ ಗಂಟು ಇರೂದು ಎಲ್ಲಾರಿಗೂ ಗೊತ್ತಿದ್ದದ್ದ. "ಇರ್ಲಿ ಬಿಡು, ಏನ್ ಮಾಡ್ತೈತಿ" ಅಂತೀವಿ. ಅದ ಗಂಟು ಬಾಯಾಗೂ ಬರ್ತೈತಿ ಅಂತ ನನಗ ಗೊತ್ತಾಗಿದ್ದು ನಮ್ಮ ಅತ್ತಿಯವರಿಗೆ ಬಂದಾಗ.

ಅವರಿಗೆ 62 ವರ್ಷ. ರೊಟ್ಟಿ ಬರೇ ಬಲಗಡೆ ಅಗಿತಿದ್ರು. ಕೇಳಿದ್ರ "ಹಲ್ಲು ಅಲುಗಾಡಾಕತ್ತಾವ" ಅಂತಿದ್ರು. ಒಂದಿನ ಮಧ್ಯಾಹ್ನ, ಹಬ್ಬಿಲ್ಲ ಹುಣ್ಣಿವಿಲ್ಲ, ತಮ್ಮ ಬಿಲ್ವಾರ ತಗದು "ಇವು ನಿನ್ನ ಮಗಳಿಗಿರ್ಲಿ" ಅಂತ ನನ್ನ ಕೈಯಾಗಿಟ್ರು. ನನ್ನ ಎದಿ ಝಲ್ ಅಂತು. ಬಿಡದ ಕೇಳಿದ ಮ್ಯಾಲೆ ಬಾಯಿ ತೆರೆದು ತೋರಿಸಿದ್ರು. ಎಡಗಲ್ಲದ ಒಳಗ ಅಡಕಿಯಷ್ಟು ಗಂಟು, ಹಳದಿ ಬಣ್ಣ, ಮುಟ್ಟಿದ್ರ ಮೆತ್ತಗ. ಮೂರು ವರ್ಷದಿಂದ ಇತ್ತಂತ! ಎಲಿ-ಅಡಕಿ ಜೋಡಿ ತಂಬಾಕ ಹಾಕ್ಕೊಳ್ಳೋ ಬಾಯಿ, ಕ್ಯಾನ್ಸರ್‌ ಅಂತ ತಾವ ತಿಳ್ಕೊಂಡು ಸುಮ್ನ ಕುಂತಿದ್ರು.

ಹಲ್ಲಿನ ಡಾಕ್ಟರು ಒತ್ತಿ ನೋಡಿ, "ಲೈಪೋಮಾ ಇದ್ದಂಗೈತಿ, ಕೊಬ್ಬಿನ ಗಂಟು. ಆದ್ರ ತಗದು ತಪಾಸಣಿಗೆ ಕಳಿಸಿದ್ರನ ಖಾತ್ರಿ" ಅಂದ್ರು. ಬಾಯಾಗ ಇದು ಅಪರೂಪ. ಬಂದ್ರ ಹೆಚ್ಚಾಗಿ ಗಲ್ಲದ ಒಳಗ, ಇಲ್ಲಾ ನಾಲಿಗಿ, ತುಟಿಯಾಗ, 40 ದಾಟಿದವರಿಗೆ ಜಾಸ್ತಿ. ನೋವಿಲ್ಲದ ನಿಧಾನಕ್ಕ ಬೆಳಿತೈತಿ. ಎಣ್ಣಿ ತಿಕ್ಕಿದ್ರ ಕರಗೂದಿಲ್ಲ, ತೂಕ ಇಳಿಸಿದ್ರೂ ಹೋಗೂದಿಲ್ಲ.

ಗಲ್ಲಕ್ಕಷ್ಟ ಜೋಮು ಹಿಡಿಯೋ ಇಂಜೆಕ್ಷನ್ ಕೊಟ್ಟು, ಮ್ಯಾಲಿನ ತೆಳು ಪದರ ಸೀಳಿದ್ರು. ಗಂಟಿಗೆ ತನ್ನದ ಒಂದು ತೆಳು ಚೀಲ ಇತ್ತಂತ, ನೆನಸಿದ ಶೇಂಗಾ ಸಿಪ್ಪಿ ಬಿಟ್ಟಂಗ ಇಡಿಯಾಗಿ ಬಂತು. ನಾಲ್ಕು ಹೊಲಿಗಿ ಹಾಕಿದ್ರು. ಬಾಟಲಿಯಾಗಿನ ಫಾರ್ಮಲಿನ್‌ನಾಗ ಹಾಕಿದ್ರ ಗಂಟು ಮುಳುಗಲಿಲ್ಲ, ಮಜ್ಜಿಗಿ ಮ್ಯಾಲಿನ ಬೆಣ್ಣಿಯಂಗ ತೇಲ್ತು! ತೇಲ್ತು ಅಂತ ರಿಪೋರ್ಟ್ ಬಿಡೂಹಂಗಿಲ್ಲ. ಕೆಟ್ಟ ಗಂಟಲ್ಲ ಅನ್ನೂದು ಸೂಕ್ಷ್ಮದರ್ಶಕದಾಗ ನೋಡಿದ ಮ್ಯಾಲೇನ ಖರೇ ಆಗೂದು.

ಒಂದು ವಾರ ಆರಿದ ಗಂಜಿ, ಮೆತ್ತನ್ನ ಮೊಸರನ್ನ. ಖಾರ ಬಂದ್. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸೂದು. ರಿಪೋರ್ಟಿನ್ಯಾಗ ಲೈಪೋಮಾ ಅಂತನ ಬಂತು. ಪೂರ್ತಿ ತಗದ್ರ ಮತ್ತ ಬರೂದು ಭಾಳ ಕಡಿಮಿ ಅಂತ ಹೇಳಿ ಕಳಿಸಿದ್ರು. ಈ ಗಂಟು ತಂಬಾಕದಿಂದ ಬಂದಿದ್ದಲ್ಲ, ಆದ್ರ ಖರೇ ಕ್ಯಾನ್ಸರ್‌ ಅದರಿಂದ ಬರ್ತೈತಿ ಅಂತ ಡಾಕ್ಟರು ಬೈದು ಬಿಡಿಸಿದ್ರು. ಅತ್ತಿಯವರ ತಂಬಾಕದ ಡಬ್ಬಿಯಾಗ ಈಗ ಬಡೇಸೋಪು ಐತಿ.

ಅಕ್ಕಾರ, ತಿಂಗಳಿಗೊಮ್ಮಿ ಕನ್ನಡಿ ಮುಂದ ನಿಂತು ಗಲ್ಲ ಸರಿಸಿ, ನಾಲಿಗಿ ಎತ್ತಿ ನೋಡ್ಕೊಳ್ರಿ. ಗಂಟು, ಬಿಳಿ-ಕೆಂಪು ಕಲಿ, ಎರಡು ವಾರ ಆದ್ರೂ ಮಾಯದ ಹುಣ್ಣು ಕಂಡ್ರ ತೋರಿಸ್ರಿ. ನೋವಿಲ್ಲ ಅಂತ ಮುಚ್ಚಿಟ್ಕೊಂಡು ಒಬ್ಬರ ಅಂಜ್ಕೊಂತ ಕುಂದ್ರಬ್ಯಾಡ್ರಿ. ಮನ್ಯಾಗಿನ ಹಿರಿಯಾರನ್ನೂ ಒಮ್ಮಿ ಕೇಳ್ರಿ, ಅವರಾಗೇ ಹೇಳೂದಿಲ್ಲ.