ನೀರಿನ ಲೆಕ್ಕ

ರಾತ್ರಿ ಊಟವಾದ ಮೇಲೆ ಕೆಲವರು ಪದಬಂಧ ಬಿಡಿಸುತ್ತಾರೆ, ಕೆಲವರು ಇಸ್ಪೀಟು ಕಲೆಸುತ್ತಾರೆ. ನನಗೆ ಇಂಧನಕೋಶದೊಳಗಿನ ನೀರಿನ ಲೆಕ್ಕ ಹಾಕುವ ಚಟ. ಹೊಟ್ಟೆಪಾಡಿನ ಕೆಲಸವೂ ಅದೇ, ನಿಜ. ಆದರೆ ಸಂಬಳ ಕೊಡುವವರು ಕೇಳದಿದ್ದರೂ ಅದರ ಮುಂದೆಯೇ ಕೂತಿರುವವನದ್ದನ್ನು ಕೆಲಸ ಎನ್ನುವುದು ಹೇಗೆ?

ಕೋಶದ ಕತೆ ಹೇಳುವುದಕ್ಕೆ ಸುಲಭ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ವಿದ್ಯುತ್ತು ಬರುತ್ತದೆ, ಜೊತೆಗೆ ನೀರು, ಬಿಸಿ. ಒಂದು ಕೆಜಿ ಹೈಡ್ರೋಜನ್ನಿಗೆ ಒಂಬತ್ತು ಕೆಜಿ ನೀರು! ತಾಪತ್ರಯವೆಲ್ಲ ಪೊರೆಯ ಸ್ವಭಾವದ್ದು. ಅದು ಒದ್ದೆಯಾಗಿದ್ದರಷ್ಟೇ ಪ್ರೋಟಾನುಗಳನ್ನು ದಾಟಿಸುತ್ತದೆ. ಒಣಗಿತೋ, ರೋಧ ಏರಿ ವೋಲ್ಟೇಜು ಮೆಲ್ಲಗೆ ಇಳಿಯುತ್ತದೆ. ನೀರು ಹೆಚ್ಚಾಯಿತೋ, ಗಾಳಿಯ ದಾರಿ ಕಟ್ಟಿಕೊಂಡು ವೋಲ್ಟೇಜು ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಗ್ರಾಫ್ ನೋಡಿಯೇ ಇದು ಬರವೋ ನೆರೆಯೋ ಎಂದು ಹೇಳುವಷ್ಟು ಈಗ ಕಣ್ಣು ಪಳಗಿದೆ.

ಪೊರೆ ದಾಟುವ ಪ್ರೋಟಾನು ಬರಿಗೈಯಲ್ಲಿ ಹೋಗುವುದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿಯ ಕಡೆ ನೀರು ಸೇರಿದಂತೆ ಅದರಲ್ಲಿ ಒಂದಷ್ಟು ಹಿಂದಕ್ಕೆ ಜಿನುಗುತ್ತದೆ. ಲಾಸ್ ಅಲಮೋಸ್ ಪ್ರಯೋಗಾಲಯದ ಸ್ಪ್ರಿಂಗರ್ ಮತ್ತು ಸಂಗಡಿಗರು 1991ರಲ್ಲಿ ಇದನ್ನು ಕೆಲವೇ ಸಮೀಕರಣಗಳಲ್ಲಿ ಹಿಡಿದಿಟ್ಟರು. ಇವತ್ತಿಗೂ ಎಲ್ಲರೂ ಆ ಬಾವಿಯಿಂದಲೇ ಸೇದುತ್ತೇವೆ. ನನಗೆ ಅತಿ ಇಷ್ಟದ ಒಗಟೂ ಇಲ್ಲೇ ಇದೆ. ಪೊರೆಯನ್ನು ನೀರಾವಿ ತುಂಬಿ ತುಳುಕುವ ಗಾಳಿಯಲ್ಲಿಟ್ಟರೆ ಅದರ ಒಂದೊಂದು ಆಮ್ಲ ಗುಂಪಿನ ಸುತ್ತ ಸುಮಾರು 14 ನೀರಿನ ಅಣುಗಳು ಕೂರುತ್ತವೆ. ಅದೇ ಪೊರೆಯನ್ನು ನೀರಿನಲ್ಲಿ ಮುಳುಗಿಸಿದರೆ 22ರ ಆಸುಪಾಸು. ಉಷ್ಣಶಾಸ್ತ್ರದ ಪ್ರಕಾರ ಎರಡೂ ಒಂದೇ ಆಗಬೇಕು! 1903ರಲ್ಲೇ ಶ್ರೋಡರ್ ಎಂಬಾತ ಜೆಲಾಟಿನ್‌ನಲ್ಲಿ ಈ ವಿಚಿತ್ರವನ್ನು ಕಂಡಿದ್ದ. ಕಾರಣದ ಬಗ್ಗೆ ವಿದ್ವಾಂಸರು ಜಗಳವಾಡುತ್ತಿರಲಿ, ನನಗೇನೂ ಅವಸರವಿಲ್ಲ.

ನೀರನ್ನು ಮಾತ್ರ ನೋಡಿಕೊಳ್ಳುತ್ತೇನೆ ಎಂದರೆ ಬಿಸಿ ಬಿಡುವುದಿಲ್ಲ. 60 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಸುಮಾರು 20 ಕಿಲೋಪಾಸ್ಕಲ್, 80ರಲ್ಲಿ 47. ಅಂದರೆ ಇಪ್ಪತ್ತೇ ಡಿಗ್ರಿ ಏರಿದರೆ ಅದೇ ಗಾಳಿ ಎರಡು ಪಟ್ಟಿಗೂ ಮೀರಿ ನೀರನ್ನು ಹೊತ್ತೊಯ್ಯುತ್ತದೆ. ಗಾಳಿಯದ್ದು ಇನ್ನೊಂದು ರಗಳೆ. ಕೋಶದಿಂದ ಓಡುವ ಕಾರಿನ ಚಾಲಕ ತಟ್ಟನೆ ವೇಗ ಕೇಳಿದಾಗ ಆಮ್ಲಜನಕ ಬೇಕು. ಅದನ್ನು ತರುವ ಕಂಪ್ರೆಸರಿಗೆ ಕರೆಂಟು ಬೇಕು. ಆ ಕರೆಂಟು ಬರಬೇಕಾದದ್ದು ಉಸಿರಿಗೆ ಪರದಾಡುತ್ತಿರುವ ಅದೇ ಕೋಶದಿಂದ. ಹಸಿದವನ ತುತ್ತು ಕಸಿದು ಅವನಿಗೇ ಅಡುಗೆ ಮಾಡಿದ ಹಾಗೆ. ಮಿಶಿಗನ್ ವಿಶ್ವವಿದ್ಯಾಲಯದ ಪುಕ್ರುಶ್ಪಾನ್, ಸ್ಟೆಫನೊಪೌಲೌ ಮತ್ತು ಪೆಂಗ್ ಈ ಹಗ್ಗಜಗ್ಗಾಟದ ಬಗ್ಗೆಯೇ 2004ರಲ್ಲಿ ಪುಸ್ತಕ ಬರೆದರು. ಅವರ ಗಣಿತ ಮಾದರಿಯಲ್ಲಿ ಕೋಶದ ಒಳಗೆ ಮೂಲೆಮೂಲೆಯ ವಿವರವಿಲ್ಲ, ಇಡೀ ಕೋಶಕ್ಕೆ ಒಂದೇ ಸರಾಸರಿ. ನನಗೆ ಅದೇ ಇಷ್ಟ. ಕೆಂಪು ಹಳದಿ ನೀಲಿಯ ಮೂರು ಆಯಾಮದ ಚಿತ್ರಗಳು ಸಭೆಯಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಅಂಥದ್ದನ್ನು ತೋರಿಸಿದವರನ್ನು ‘ಇದರಲ್ಲಿ ಎಷ್ಟು ಸಂಖ್ಯೆ ಅಳೆದದ್ದು, ಎಷ್ಟು ಹೊಂದಿಸಿದ್ದು?’ ಎಂದು ಕೇಳದೆ ನನಗೆ ಊಟ ಸೇರುವುದಿಲ್ಲ.

ಲೆಕ್ಕ ಬಲ್ಲವರ ಜಾಣತನ ನೋಡಬೇಕಾದರೆ 2014ರ ಟೊಯೋಟಾ ಮಿರಾಯ್ ಎಂಬ ಇಂಧನಕೋಶದ ಕಾರನ್ನು ನೋಡಬೇಕು. ಒಳಬರುವ ಗಾಳಿಯನ್ನು ತೇವಗೊಳಿಸುವ ಪೆಟ್ಟಿಗೆಯನ್ನೇ ಅವರು ಕಿತ್ತುಹಾಕಿದರು. ಗಾಳಿ ಹೊರಹೋಗುವ ತುದಿಯಲ್ಲಿ ಹುಟ್ಟಿದ ನೀರು ಪೊರೆ ದಾಟಿ, ಎದುರು ದಿಕ್ಕಿನಲ್ಲಿ ಹರಿಯುವ ಹೈಡ್ರೋಜನ್ನಿನ ಜೊತೆ ಸಾಗಿ, ಒಣಗಾಳಿ ಬರುವ ಬಾಗಿಲನ್ನು ತಾನೇ ತೇವಗೊಳಿಸುತ್ತದೆ. ಇದನ್ನು ಓದಿದ ರಾತ್ರಿ ಹೊಟ್ಟೆಕಿಚ್ಚಿಗೆ ನಿದ್ದೆ ಬರಲಿಲ್ಲ.

ನನ್ನ ಲೆಕ್ಕದಲ್ಲಿ ಸದ್ಯ ರೇಡಿಯೇಟರಿನ ಅಧ್ಯಾಯ ನಡೆಯುತ್ತಿದೆ. ಪೆಟ್ರೋಲ್ ಎಂಜಿನ್ನು ತನ್ನ ಬಿಸಿಯ ದೊಡ್ಡ ಪಾಲನ್ನು ಹೊಗೆಯ ಜೊತೆ ಹೊರಗಟ್ಟುತ್ತದೆ. ಇಂಧನಕೋಶಕ್ಕೆ ಆ ಸೌಕರ್ಯವಿಲ್ಲ, ಬಹುಪಾಲು ಬಿಸಿ ರೇಡಿಯೇಟರಿನಿಂದಲೇ ಹೋಗಬೇಕು. ಕೋಶ 80 ಡಿಗ್ರಿ, ಹೊರಗೆ 25 ಎಂದಿಟ್ಟುಕೊಂಡರೆ ಲೆಕ್ಕ ಸಲೀಸು. ನಾನು 25ನ್ನು ಅಳಿಸಿ ರಾಯಚೂರಿನ ಮೇ ತಿಂಗಳನ್ನು ತುಂಬಿದ್ದೇನೆ. ಫ್ಯಾನು ಈಗಾಗಲೇ ಪೂರ್ತಿ ವೇಗದಲ್ಲಿದೆ, ಗಾಡಿ ಇನ್ನೂ ಏರು ಹತ್ತಿಲ್ಲ.