ಓಬರ್‌ಹೌಸೆನ್ನಿನಲ್ಲಿ ಒಂದು ದಿನ

ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದಲ್ಲಿ ನಮ್ಮ ಮಗಳೂ ಅಳಿಯಂದಿರೂ ಸಂಸಾರ ಹೂಡಿ ಆರು ವರ್ಷಗಳಾದುವು. ನಿವೃತ್ತಿಯಾದ ಮೇಲೆ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಎರಡು ತಿಂಗಳು ನಿಂತಿದ್ದೆವು. ರೈನ್ ನದಿಯ ದಂಡೆ, ಹಳೆಯ ಇಗರ್ಜಿಗಳು, ಅರಮನೆಗಳು ಇವುಗಳ ವಿಷಯವಾಗಿ ನೋಡಿಬಂದವರು ಬೇಕಾದಷ್ಟು ಬರೆದಿರುವರು. ಅದನ್ನೇ ವಾಚಕರಿಗೆ ಮತ್ತೊಮ್ಮೆ ಬಡಿಸುವ ಉದ್ದೇಶವು ನಮಗಿಲ್ಲ. ನೋಡತಕ್ಕ ಊರೆಂದು ಯಾರೂ ಹೇಳದ ಓಬರ್‌ಹೌಸೆನ್ ಎಂಬಲ್ಲಿಗೆ ಮೇ ತಿಂಗಳಿನಲ್ಲಿ ಹೋಗಿಬಂದ ಸಂಗತಿಯನ್ನು ಮಾತ್ರ ಇಲ್ಲಿ ಅರಿಕೆಮಾಡುವೆವು.

“ಅಪ್ಪಾ, ಅಲ್ಲಿ ಕಿರುಚಿತ್ರಗಳ ಉತ್ಸವ ನಡೀತಿದೆ, ಹೋಗೋಣ” ಎಂದು ಮಗಳು ಕರೆದಾಗ ನಮಗೆ ಅಷ್ಟೇನೂ ಉತ್ಸಾಹವುಂಟಾಗಲಿಲ್ಲ. ಮೂವತ್ತೈದು ವರ್ಷ ಹುಡುಗರಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳಿದವರು ನಾವು. ಮೂರು ನಿಮಿಷದ ಚಲಚ್ಚಿತ್ರವೆಂದರೆ ಊಟಕ್ಕೆ ಕರೆದು ಉಪ್ಪಿನಕಾಯಿಯನ್ನಷ್ಟೇ ಬಡಿಸಿದಂತೆ ನಮಗೆ ತೋರಿತು. ಆದರೂ ಮಗಳ ಮಾತನ್ನು ಮೀರಲಾರದೆ ಹೊರಟೆವು. ರೈಲಿನಲ್ಲಿ ಅರ್ಧಗಂಟೆಯ ದಾರಿ. ನಡುವೆ ಡ್ಯೂಸ್‌ಬುರ್ಗ್ ಸಿಕ್ಕುವುದು.

ನಮ್ಮ ಕಡೆ ಊರು ಹುಟ್ಟುವುದು ನದಿಯ ದಡದಲ್ಲಿ, ಇಲ್ಲವೆ ದೇವಸ್ಥಾನದ ಸುತ್ತ. ಓಬರ್‌ಹೌಸೆನ್ ಹುಟ್ಟಿದ್ದು ರೈಲ್ವೆ ಸ್ಟೇಷನ್ನಿನ ಸುತ್ತ. 1847ರಲ್ಲಿ ಬಯಲಿನ ನಡುವೆ ಒಂದು ನಿಲ್ದಾಣವಾಯಿತು. ಹತ್ತಿರದ ಒಂದು ಕೋಟೆಮನೆಯ ಹೆಸರನ್ನು ಅದಕ್ಕಿಟ್ಟರು. ಊರು ಆಮೇಲೆ ಬೆಳೆಯಿತು. ಕಬ್ಬಿಣದ ಕೆಲಸವಾದರೋ ಅದಕ್ಕೂ ಹಿಂದಿನದು. ರೂರ್ ಸೀಮೆಯ ಮೊದಲನೆಯ ಕಬ್ಬಿಣದ ಕುಲುಮೆಯು 1758ರಲ್ಲಿ ಇಲ್ಲಿಯೇ ಉರಿಯಿತು. ಕಲ್ಲಿದ್ದಲೂ ಉಕ್ಕೂ ಈ ನಾಡಿನ ಅನ್ನವಾಗಿದ್ದುವು. ಈಗ ಆ ಕುಲುಮೆಗಳು ಆರಿವೆ. ನೆರೆಯ ಬೊಟ್ರೊಪ್ ಊರಿನಲ್ಲಿ ಉಳಿದಿದ್ದ ಜರ್ಮನಿಯ ಕಟ್ಟಕಡೆಯ ಕಲ್ಲಿದ್ದಲ ಗಣಿಯನ್ನೂ 2018ರ ಡಿಸೆಂಬರಿನಲ್ಲಿ ಮುಚ್ಚಿದರು. ಕುಲುಮೆಯ ಅನಿಲವನ್ನು ಕೂಡಿಡುವುದಕ್ಕಾಗಿ 1929ರಲ್ಲಿ ಕಟ್ಟಿ ಮುಗಿಸಿದ, ಸುಮಾರು 117 ಮೀಟರ್ ಎತ್ತರದ ಲೋಹದ ಕಣಜವೊಂದು ಕಾಲುವೆಯ ಪಕ್ಕದಲ್ಲಿ ನಿಂತಿರುವುದು. ಈಗ ಅದರೊಳಗೆ ಪ್ರದರ್ಶನಗಳು ನಡೆಯುತ್ತವೆ. ನಮ್ಮ ಮನೆಯವರು ಅದನ್ನು ನೋಡಿ, “ಎಷ್ಟು ಊರಿನ ಭತ್ತ ಹಿಡಿಸೀತು!” ಎಂದರು.

ಇಂತಹ ಮಸಿಹಿಡಿದ ಊರಿನಲ್ಲಿ ಚಿತ್ರೋತ್ಸವವೇಕೆ ಎಂದು ವಾಚಕರು ಕೇಳಬಹುದು. ಹಿಲ್ಮಾರ್ ಹಾಫ್‌ಮನ್ ಎಂಬವರು ಇಲ್ಲಿ ವಯಸ್ಕರ ಶಿಕ್ಷಣಶಾಲೆಯನ್ನು ನಡೆಸುತ್ತಿದ್ದರು. ಹಗಲೆಲ್ಲ ದುಡಿದವರು ಸಂಜೆ ಬಂದು ಓದುವ ಶಾಲೆ ಅದು. ಅವರು 1954ರಲ್ಲಿ ಈ ಉತ್ಸವವನ್ನು ಆರಂಭಿಸಿದರು. ಒಬ್ಬ ಉಪಾಧ್ಯಾಯರ ಕೈಯಿಂದ ಆದ ಕೆಲಸವೆಂದು ತಿಳಿದಾಗ ನಮಗೆ ಸ್ವಲ್ಪ ಅಭಿಮಾನವುಂಟಾಯಿತೆಂಬುದನ್ನು ಮುಚ್ಚಿಡಲಾರೆವು. 1958ರಿಂದ ಅದಕ್ಕೆ “ನೆರೆಯವನ ಕಡೆಗೆ ದಾರಿ” ಎಂಬ ಧ್ಯೇಯವಾಕ್ಯವಾಯಿತು. ಯೂರೋಪು ಎರಡು ಹೋಳಾಗಿ, ನೆರೆಯವನ ಮನೆಯ ಕದವು ಮುಚ್ಚಿದ್ದ ಕಾಲದಲ್ಲಿ ಪೋಲೆಂಡ್, ಹಂಗೆರಿ, ಯುಗೊಸ್ಲಾವಿಯಾ ದೇಶಗಳ ಚಿತ್ರಗಳು ಈ ಗಣಿಕೆಲಸದವರ ಊರಿಗೆ ಬಂದುವು.

1962ರ ಫೆಬ್ರವರಿ 28ರಂದು ಇಪ್ಪತ್ತಾರು ಮಂದಿ ಚಿತ್ರಕಾರರು ಇಲ್ಲಿ ಒಂದು ಘೋಷಣಪತ್ರವನ್ನು ಓದಿದರು. ಹಳೆಯ ಸಿನೆಮಾ ಸತ್ತಿತು, ಹಣ ಹಾಕುವವರ ಅಂಕೆಯಿಲ್ಲದ ಹೊಸದರಲ್ಲಿ ನಮಗೆ ನಂಬಿಕೆ ಎಂಬುದು ಅದರ ಸಾರಾಂಶ. ಕಿರುಚಿತ್ರವು ದೊಡ್ಡ ಚಿತ್ರಕ್ಕೆ ಪಾಠಶಾಲೆಯಾಗಿದೆ ಎಂಬ ಮಾತೂ ಅದರಲ್ಲಿ ಉಂಟು. ಇದನ್ನು ಮಾತ್ರ ನಾವು ಒಪ್ಪಲಾರೆವು. ಮುಕ್ತಕವು ಮಹಾಕಾವ್ಯಕ್ಕೆ ಪಾಠಶಾಲೆಯೆ? ಅಮರುಕನ ಒಂದೊಂದು ಬಿಡಿ ಪದ್ಯವೂ ಪ್ರಬಂಧದಂತೆ ರಸವನ್ನು ಸುರಿಸಬಲ್ಲುದೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ತೀರ್ಮಾನಿಸಿರುವನು. ಆದರೆ ಓಬರ್‌ಹೌಸೆನ್ನಿಗೆ ಹೊರಡುವ ಹೊತ್ತಿನಲ್ಲಿ ನಮಗೆ ಈ ಆನಂದವರ್ಧನನು ನೆನಪಾಗಿರಲಿಲ್ಲ.

ಹಿಂದಿನ ರಾತ್ರಿ ಮಗಳು ಮನೆಯಲ್ಲಿಯೇ ಎರಡು ಹಳೆಯ ಚಿತ್ರಗಳನ್ನು ತೋರಿಸಿದ್ದಳು. ಒಂದು, ಅಲೆಕ್ಸಾಂಡರ್ ಕ್ಲೂಗೆ ಮತ್ತು ಪೀಟರ್ ಶಮೋನಿ ಸೇರಿ ಮಾಡಿ 1961ರಲ್ಲಿ ಈ ಉತ್ಸವದಲ್ಲಿಯೇ ತೋರಿಸಿದ್ದು. ಸುಮಾರು ಹನ್ನೆರಡು ನಿಮಿಷ. ನ್ಯೂರೆಂಬರ್ಗಿನಲ್ಲಿ ನಾಜಿಗಳು ಕಟ್ಟಿಸಿದ ಕಲ್ಲುಕಟ್ಟಡಗಳ ಗೋಡೆ, ಮೆಟ್ಟಿಲು, ಕಂಬ. ಅವುಗಳ ಮೇಲೆ ಆ ಕಾಲದ ಧ್ವನಿಗಳು. ಇನ್ನೊಂದು, ವೆರ್ನರ್ ಹೆರ್ಟ್‌ಸೋಗ್ ಅವರದು. 1968ರಲ್ಲಿ ಇಲ್ಲಿ ಬಹುಮಾನ ಪಡೆದದ್ದು. ಕ್ರೀಟಿನ ಬಳಿ ಸ್ಪಿನಲೊಂಗಾ ಎಂಬ ದ್ವೀಪದಲ್ಲಿ ಹಿಂದೆ ಕುಷ್ಠರೋಗಿಗಳನ್ನು ಇಟ್ಟಿದ್ದರು. ಎಲ್ಲರೂ ಹೋದ ಮೇಲೆ ಉಳಿದ ಒಬ್ಬನನ್ನು ಬಲವಂತದಿಂದ ನಾಡಿಗೆ ಕರೆತಂದರು. ಅವನು ಮಾತನಾಡಲೊಲ್ಲನು, ರಾತ್ರಿ ಲೈರಾ ಎಂಬ ತಂತಿವಾದ್ಯವನ್ನು ನುಡಿಸುವನು, ಅಷ್ಟೆ. ಹದಿಮೂರು ನಿಮಿಷದಲ್ಲಿ ಮುಗಿಯಿತು. ನಿದ್ರೆ ಮಾತ್ರ ಬೇಗ ಬರಲಿಲ್ಲ.

ಉತ್ಸವವು ನಡೆಯುವ ಚಿತ್ರಮಂದಿರದ ಹೆಸರು ಲಿಖ್ಟ್‌ಬುರ್ಗ್. ನಮ್ಮ ಮಾತಿನಲ್ಲಿ ಜ್ಯೋತಿರ್ದುರ್ಗವೆನ್ನಬಹುದು. ಒಂದು ಸರದಿಗೆ ಸುಮಾರು ಒಂದೂವರೆ ಗಂಟೆ. ಅಷ್ಟರೊಳಗೆ ಏಳು ಚಿತ್ರಗಳು. ಒಂದು ಯುದ್ಧದ್ದು, ಒಂದು ಬಟ್ಟೆ ಒಗೆಯುವ ಅಂಗಡಿಯದು, ಒಂದು ಬರಿಯ ಬಣ್ಣದ ಗೆರೆಗಳದು. ಮಾಡಿದವರಲ್ಲಿ ವಿದ್ಯಾರ್ಥಿಗಳು, ವರ್ಣಚಿತ್ರಕಾರರು, ಕ್ಯಾಮರಾ ಒಂದನ್ನು ಹೊರತು ಬೇರೆ ಬಂಡವಾಳವಿಲ್ಲದವರು. ಎಲ್ಲವೂ ಚೆನ್ನಾಗಿದ್ದುವೆಂದು ನಾವು ಹೇಳೆವು. ಆ ಬಣ್ಣದ ಗೆರೆಗಳು ನಮಗೆ ತಲೆನೋವು ತಂದುವು. ಒಂದು ಚಿತ್ರ ಮುಗಿದಾಗ ನಮ್ಮ ಮನೆಯವರು, “ಆಗಿಹೋಯಿತೆ? ನಾನಿನ್ನೂ ಸೆರಗು ಸರಿಮಾಡಿಕೊಂಡು ಕೂತೇ ಇಲ್ಲ” ಎಂದರು, ಮುಂದಿನ ಸಾಲಿನವರು ತಿರುಗಿ ನೋಡಿದರು.

ಐದನೆಯದು ಮೂರು ನಿಮಿಷದ್ದು. ಒಂದು ಅಡಿಗೆಮನೆ, ಮೇಜು, ನಾಲ್ಕು ಕುರ್ಚಿ. ಮನುಷ್ಯರು ಕಾಣಿಸುವುದಿಲ್ಲ. ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ಸರಿಯುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ. ಕೊನೆಗೆ ಒಂದು ಕೈ ಬಂದು ಮೇಜಿನ ಮೇಲೆ ಎರಡು ತಟ್ಟೆಗಳನ್ನಿಟ್ಟು, ಸ್ವಲ್ಪ ತಡೆದು, ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಆಮೇಲಿನ ಎರಡು ಚಿತ್ರಗಳಲ್ಲಿ ಏನಿತ್ತೆಂಬುದು ನಮಗೆ ತಿಳಿಯದು. ಇಪ್ಪತ್ತೆಂಟು ವರ್ಷಗಳ ಹಿಂದೆ ನಾವಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ಎಂಟನೆಯ ತರಗತಿಯವರಿಗೆ “ನಮ್ಮ ಮನೆ” ಎಂಬ ವಿಷಯದ ಮೇಲೆ ಎರಡು ಪುಟಗಳ ಪ್ರಬಂಧವನ್ನು ಬರೆಯಹೇಳಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ಬರೆದದ್ದು ಇಷ್ಟೇ: “ನಮ್ಮ ಮನೆಗೆ ಒಂದೇ ಬಾಗಿಲು. ಅದು ಯಾವಾಗಲೂ ತೆಗೆದೇ ಇರುತ್ತದೆ. ಅವ್ವ ಬಂದರೆ ತಟ್ಟಬಾರದು ಅಂತ ಅಪ್ಪ ಹೇಳುತ್ತಾರೆ.” ನಾವು ಕೆಂಪು ಮಸಿಯಿಂದ “ವಿಸ್ತರಿಸಿ ಬರೆ” ಎಂದು ಬರೆದು, ಇಪ್ಪತ್ತಕ್ಕೆ ಎರಡು ಅಂಕ ಕೊಟ್ಟೆವು. ಅರ್ಧ ಮಾತ್ರೆಯ ಲಾಘವಕ್ಕೆ ವೈಯಾಕರಣರು ಮಗ ಹುಟ್ಟಿದಷ್ಟು ಹಿಗ್ಗುವರೆಂದು ಅದೇ ವಾರ ಸಂಸ್ಕೃತದ ತರಗತಿಯಲ್ಲಿ ನಗುನಗುತ್ತ ಹೇಳಿದವರೂ ನಾವೇ. ಆ ಹುಡುಗನು ಪುಸ್ತಕವನ್ನು ತೆಗೆದುಕೊಂಡು, ಅಂಕವನ್ನು ನೋಡಿ, ಏನೂ ಹೇಳದೆ ಹೋಗಿ ಕುಳಿತನು. ಮುಂದಿನ ಪ್ರಬಂಧವನ್ನು ಎರಡು ಪುಟ ತುಂಬಿಸಿಯೇ ಬರೆದನು; ಹಸುವಿನ ವಿಷಯವಾಗಿ, ಎಲ್ಲರಂತೆ. ಅದಕ್ಕೆ ನಾವು ಹನ್ನೆರಡು ಕೊಟ್ಟೆವು.

ಹೊರಗೆ ಬಂದಾಗ ರಾತ್ರಿ ಒಂಬತ್ತರ ಹತ್ತಿರವಾಗಿದ್ದರೂ ಆ ದೇಶದ ಬೇಸಗೆಯ ಬೆಳಕು ಇನ್ನೂ ಆರಿರಲಿಲ್ಲ. ರೈಲಿನಲ್ಲಿ ಮಗಳು ಒಂದೊಂದು ಚಿತ್ರದ ಗುಣದೋಷಗಳನ್ನು ಎತ್ತಿ ಆಡುತ್ತಿದ್ದಳು. ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿ, “ಯಾಕೆ ಸುಮ್ಮನಾದಿರಿ? ಹಸಿವೆಯೆ?” ಎಂದು ಕೇಳಿದರು. ಎಲ್ಲವನ್ನೂ ಹೇಳಿದೆವು. ಅವರು ಕಿಟಕಿಯ ಕಡೆ ತಿರುಗಿ ಕೊಂಚ ಹೊತ್ತು ಏನೂ ಆಡಲಿಲ್ಲ.

“ಆ ಹುಡುಗನ ಹೆಸರು ನೆನಪಿದೆಯೆ?”

“ಇದೆ” ಎಂದೆವು.

“ಊರಿಗೆ ಹೋದ ಮೇಲೆ ವಿಚಾರಿಸಿ” ಎಂದರು. ಅಷ್ಟರಲ್ಲಿ ಡ್ಯೂಸ್‌ಬುರ್ಗ್ ಬಂತು. ಇಳಿಯುವವರೂ ಹತ್ತುವವರೂ ನುಗ್ಗಿದ್ದರಿಂದ ನಾವು ಎದ್ದು ಒಬ್ಬ ಮುದುಕಿಗೆ ಜಾಗ ಬಿಟ್ಟುಕೊಟ್ಟೆವು.