ತದಡಿಯಲ್ಲಿ ನೋಡಿದ ‘ಸಂಸ್ಕಾರ’

ಕಳೆದ ಜುಲೈನಲ್ಲಿ ನಾವು ನಾಲ್ವರು ತದಡಿಯ ಗೆಳೆಯನ ಮನೆಗೆ ಹೋಗಿದ್ವಿ. ಟ್ರಾಲಿಂಗ್ ನಿಷೇಧದ ದಿನಗಳು. ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿದ್ದವು, ಅಘನಾಶಿನಿ ಕೆಂಪಗೆ ತುಂಬಿತ್ತು. ಮಳೆ ಹೊರಗೆ ಕಾಲಿಡೋಕೆ ಬಿಡಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ‘ಸಂಸ್ಕಾರ’ ಹಾಕಿದ್ವಿ. ಗೆಳೆಯನ ಅಜ್ಜಿಯೂ ಬಂದು ಕೂತರು.

ಕಥೆ ಗೊತ್ತಿರಬಹುದು. ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಆಚಾರವನ್ನೆಲ್ಲ ಗಾಳಿಗೆ ತೂರಿ ಬದುಕಿದವನ ಹೆಣವನ್ನು ಯಾರು ಸುಡಬೇಕು? ಪ್ರಾಣೇಶಾಚಾರ್ಯರು ಶಾಸ್ತ್ರದಲ್ಲಿ ಉತ್ತರ ಹುಡುಕುತ್ತಾರೆ. ಅಷ್ಟರಲ್ಲಿ ಹೆಣ ಕೊಳೆಯುತ್ತದೆ.

ನಾವೋ, ಕ್ಲಬ್ಬಿನವರು! ನಡುನಡುವೆ ನಿಲ್ಲಿಸಿ ಅಜ್ಜಿಗೆ ವಿವರಿಸಿದ್ದೇ ವಿವರಿಸಿದ್ದು. ಅನಂತಮೂರ್ತಿ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಬರೆದ ಕಾದಂಬರಿ, 1965ರಲ್ಲಿ ಪ್ರಕಟ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದರು, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದವರು ಗಿರೀಶ್ ಕಾರ್ನಾಡ್. ಇದೇ ಜಿಲ್ಲೆಯ ಶಿರಸಿಯಲ್ಲಿ ಬೆಳೆದು, ಧಾರವಾಡದಲ್ಲಿ ಗಣಿತ ಓದಿದವರು; ಅದೇ ಅವರ ಮೊದಲ ಸಿನಿಮಾ. ನಾರಣಪ್ಪನಾಗಿ ಪಿ. ಲಂಕೇಶ್, ಕ್ಯಾಮೆರಾ ಹಿಂದೆ ಆಸ್ಟ್ರೇಲಿಯಾದ ಟಾಮ್ ಕೋವನ್. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಕೊನೆಗೆ ಬಿಡುಗಡೆಯಾಗಿ, ಸ್ವರ್ಣ ಕಮಲ ಪಡೆದ ಮೊದಲ ಕನ್ನಡ ಚಿತ್ರವಾಯಿತು. ‘ವಂಶವೃಕ್ಷ’, ‘ಚೋಮನ ದುಡಿ’ಗಳಿಗೆ ದಾರಿಯಾಯಿತು.

ಅಜ್ಜಿ ಎಲ್ಲ ಕೇಳಿಸಿಕೊಂಡರು. ಸಿನಿಮಾ ಮುಗಿದ ಮೇಲೆ ಒಂದೇ ಮಾತು: “ಇಷ್ಟ್ ಜನ ಗಂಡಸ್ರು ಮಾತಾಡ್ತೇ ಉಳದ್ರು. ಹೆಣ ಸುಡ್ಸದ್ದು ಆ ಹೆಂಗ್ಸೇ ಅಲ್ವಾ ತಮಾ?”

ಹೌದಲ್ಲ! ನಾವು ಚರ್ಚೆ ಮಾಡಿದ್ದೆಲ್ಲ ಆಚಾರ್ಯರ ದ್ವಂದ್ವದ ಬಗ್ಗೆ. ಚಂದ್ರಿ ಯಾರನ್ನೂ ಕಾಯದೆ, ಒಬ್ಬ ಮುಸ್ಲಿಮನ ನೆರವು ಪಡೆದು ಆ ಕೆಲಸ ಮುಗಿಸಿದ್ದನ್ನು ಕಥೆಯ ಒಂದು ತಿರುವು ಅಂತಷ್ಟೇ ನೋಡಿದ್ವಿ. ಕಾಲೇಜಿಗೆ ಬಂದು ಲೈಬ್ರರಿಯಿಂದ ಕಾದಂಬರಿ ತಂದು ಓದಿದರೆ, ಆತ ಅಹಮದ್ ಬ್ಯಾರಿ, ಮೀನು ವ್ಯಾಪಾರಿ. ಗೆಳೆಯ ಫೋನಿನಲ್ಲಿ ಹೇಳಿದಾಗ ಅಜ್ಜಿ ನಕ್ಕರಂತೆ.

ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ನಿರ್ದೇಶಕರ ಪತ್ನಿ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿಗೆ ಹಾಕಿದರು. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದನ್ನು ಓದಿದ ಮೇಲೆ ಚಂದ್ರಿಯ ಮುಖ ಮನಸ್ಸಿನಿಂದ ಹೋಗಲೇ ಇಲ್ಲ.

ಇನ್ನೊಂದು ನೆನಪೂ ಹೋಗಲಿಲ್ಲ. ಹಿಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ರಾತ್ರಿ ವಾಚ್‌ಮನ್ ತೀರಿಕೊಂಡಿದ್ದರು. ವಾಟ್ಸಾಪ್ ಗ್ರೂಪಿನಲ್ಲಿ ಇಡೀ ದಿನ ಚರ್ಚೆ. ಹಾರದ ದುಡ್ಡು ಯಾವ ಲೆಕ್ಕದಿಂದ? ಎಲ್ಲರೂ ಹೋಗಬೇಕಾ, ಇಬ್ಬರು ಸಾಕಾ? ನಾಳೆ ಇಂಟರ್ನಲ್ಸ್ ಇದೆಯಲ್ಲ? ನಾವು ತೀರ್ಮಾನಕ್ಕೆ ಬರುವ ಹೊತ್ತಿಗೆ ಮೆಸ್ಸಿನವರು ತರಕಾರಿ ಟೆಂಪೋದಲ್ಲೇ ಅವರನ್ನು ಊರು ಮುಟ್ಟಿಸಿ ಬಂದಿದ್ದರು. ಮರುದಿನ ಬೆಳಗ್ಗೆ ತಿಂಡಿಯೂ ಸರಿಯಾದ ಸಮಯಕ್ಕೇ ಸಿಕ್ಕಿತು.

ಆಗಸ್ಟಿನಲ್ಲಿ ಒಂದು ಭಾನುವಾರ ನಾವು ನಾಲ್ವರೂ ಅವರ ಮನೆಗೆ ಹೋದ್ವಿ. ಏನು ಮಾತಾಡಬೇಕೋ ಗೊತ್ತಾಗಲಿಲ್ಲ. ಅವರ ಹೆಂಡತಿ ಚಹಾ ಕೊಟ್ಟು, ಯಾವ ಬ್ರಾಂಚು, ಯಾವ ಊರು ಅಂತ ಒಬ್ಬೊಬ್ಬರನ್ನೇ ಕೇಳಿದರು. ಆಮೇಲೆ, “ರಾತ್ರಿ ತಡವಾಗಿ ಬರೋ ಹುಡುಗ್ರು ನೀವೇ ಅಲ್ವಾ? ಹೇಳ್ತಿದ್ರು,” ಅಂದರು.